ಪ್ರತ್ಯಾರೋಪದ ಆಶ್ರಯ: ಆಂದ್ರೆಯ್ ವಿಶಿನ್ಸ್ಕಿಯ ಬದುಕು ಮತ್ತು ವಾದಕ್ರಮ

ವಾದದಲ್ಲಿ ಸೋಲಿಗೆ ಕಾರಣವಾಗುವ ಇಪ್ಪತ್ತೆರಡು ನಿಗ್ರಹಸ್ಥಾನಗಳನ್ನು ನ್ಯಾಯದರ್ಶನವು ಹೆಸರಿಸುತ್ತದೆ. ಮತಾನುಜ್ಞೆ ಎಂಬುದು ಅವುಗಳಲ್ಲಿ ಒಂದು. ತನ್ನ ಪಕ್ಷದ ಮೇಲೆ ಬಂದ ದೋಷವನ್ನು ನಿವಾರಿಸದೆ, ಅಂಥದೇ ದೋಷ ಎದುರು ಪಕ್ಷದಲ್ಲಿಯೂ ಇದೆಯೆಂದು ಎತ್ತಿ ತೋರಿಸುವವನು ಆ ದೋಷವನ್ನು ಒಪ್ಪಿಕೊಂಡಂತೆಯೇ ಎಂಬುದು ಇದರ ತಿರುಳು. ಅಂದರೆ ನಮ್ಮ ತರ್ಕಪರಂಪರೆಯು ಪ್ರತ್ಯಾರೋಪವನ್ನು ಉತ್ತರವೆಂದು ಪರಿಗಣಿಸಲಿಲ್ಲ, ಸೋಲೆಂದು ಪರಿಗಣಿಸಿತು. ಇಪ್ಪತ್ತನೆಯ ಶತಮಾನದ ಸೈದ್ಧಾಂತಿಕ ಚಳವಳಿಗಳು ಈ ಸೋಲನ್ನೇ ಗೆಲುವಿನ ಉಪಾಯವಾಗಿ ಮಾರ್ಪಡಿಸಿಕೊಂಡವು. ವಿಮರ್ಶೆ ಬಂದಾಗ ಅದಕ್ಕೆ ಉತ್ತರಿಸುವ ಬದಲು ವಿಮರ್ಶಕನನ್ನೇ ಕಟಕಟೆಯಲ್ಲಿ ನಿಲ್ಲಿಸುವುದು, ಅವನ ಮಾತಿನ ಅರ್ಥವನ್ನು ಮಗುಚಿ ಅದನ್ನೇ ಅವನ ವಿರುದ್ಧದ ಸಾಕ್ಷ್ಯವಾಗಿಸುವುದು ಈ ಉಪಾಯದ ಎರಡು ಮುಖಗಳು. ಎರಡನ್ನೂ ಒಬ್ಬನೇ ವ್ಯಕ್ತಿ, ಮೊದಲು ನ್ಯಾಯಾಲಯದಲ್ಲಿಯೂ ಬಳಿಕ ವಿಶ್ವಸಂಸ್ಥೆಯ ವೇದಿಕೆಯಲ್ಲಿಯೂ, ಪರಿಪೂರ್ಣವೆನ್ನುವಷ್ಟರ ಮಟ್ಟಿಗೆ ಬಳಸಿದ ನಿದರ್ಶನ ಸೋವಿಯತ್ ಒಕ್ಕೂಟದ ಮಹಾಭಿಯೋಜಕನೂ ವಿದೇಶಾಂಗ ಸಚಿವನೂ ಆಗಿದ್ದ ಆಂದ್ರೆಯ್ ಯನುವಾರಿಯೆವಿಚ್ ವಿಶಿನ್ಸ್ಕಿಯ ಬದುಕಿನಲ್ಲಿದೆ.

ವಿಶಿನ್ಸ್ಕಿ 1883ರ ಡಿಸೆಂಬರಿನಲ್ಲಿ ಕಪ್ಪು ಸಮುದ್ರದ ದಂಡೆಯ ಒಡೆಸಾ ನಗರದಲ್ಲಿ ಹುಟ್ಟಿದನು. ಮನೆತನ ಪೋಲಿಷ್ ಮೂಲದ್ದು. ಬಾಲ್ಯದಲ್ಲಿಯೇ ಕುಟುಂಬ ಎಣ್ಣೆಬಾವಿಗಳ ನಗರವಾದ ಬಾಕುವಿಗೆ ವಲಸೆ ಬಂತು. ಕೀವ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಲು ಸೇರಿದ ಅವನು ವಿದ್ಯಾರ್ಥಿ ಚಳವಳಿಯ ಕಾರಣದಿಂದ ಹೊರಹಾಕಲ್ಪಟ್ಟು, ಬಹಳ ತಡವಾಗಿ 1913ರಲ್ಲಿ ಪದವಿ ಪಡೆದನು. 1903ರಲ್ಲಿ ರಷ್ಯಾದ ಸಾಮಾಜಿಕ ಪ್ರಜಾಸತ್ತಾತ್ಮಕ ಪಕ್ಷ ಇಬ್ಭಾಗವಾದಾಗ ಅವನು ಆರಿಸಿಕೊಂಡದ್ದು ಲೆನಿನ್ನನ ಬೊಲ್ಷೆವಿಕ್ ಬಣವನ್ನಲ್ಲ, ಅದರ ಎದುರಾಳಿಯಾದ ಮೆನ್ಷೆವಿಕ್ ಬಣವನ್ನು. 1908ರಲ್ಲಿ ಬಾಕುವಿನ ಬಯಿಲೊವ್ ಸೆರೆಮನೆಯಲ್ಲಿದ್ದಾಗ ಅಲ್ಲಿಯೇ ಬಂಧಿಯಾಗಿದ್ದ ಸ್ಟಾಲಿನ್ನನ ಪರಿಚಯವಾಯಿತು. ಮುಂದಿನ ಅವನ ಬದುಕಿಗೆ ಈ ಪರಿಚಯ ಎಷ್ಟು ಮುಖ್ಯವಾಯಿತೋ, ಒಂಬತ್ತು ವರ್ಷಗಳ ಅನಂತರ ನಡೆದ ಇನ್ನೊಂದು ಘಟನೆಯೂ ಅಷ್ಟೇ ಮುಖ್ಯವಾಯಿತು.

1917ರ ಬೇಸಿಗೆಯಲ್ಲಿ, ತಾತ್ಕಾಲಿಕ ಸರ್ಕಾರದ ಕಾಲದಲ್ಲಿ, ವಿಶಿನ್ಸ್ಕಿ ಮಾಸ್ಕೋದ ಯಕಿಮಂಕಾ ಜಿಲ್ಲೆಯ ಪೊಲೀಸ್ ವ್ಯವಸ್ಥೆಯ ಮುಖ್ಯಸ್ಥನಾಗಿದ್ದನು. ಜರ್ಮನಿಯ ಗೂಢಚಾರನೆಂಬ ಆರೋಪದ ಮೇಲೆ ಲೆನಿನ್ನನನ್ನು ಬಂಧಿಸಬೇಕೆಂದು ಸರ್ಕಾರ ಹೊರಡಿಸಿದ ಆದೇಶವನ್ನು ತನ್ನ ಜಿಲ್ಲೆಯಲ್ಲಿ ಜಾರಿಗೊಳಿಸುವ ಪತ್ರಕ್ಕೆ ಸಹಿ ಹಾಕಿದವನು ಅವನೇ. ಆ ವರ್ಷದ ಕೊನೆಗೆ ಲೆನಿನ್ ಅಧಿಕಾರಕ್ಕೆ ಬಂದನು. 1920ರಲ್ಲಿ, ಅಂತರ್ಯುದ್ಧದ ಫಲಿತಾಂಶ ಬಹುಮಟ್ಟಿಗೆ ನಿಚ್ಚಳವಾದ ಮೇಲೆ, ವಿಶಿನ್ಸ್ಕಿ ಬೊಲ್ಷೆವಿಕ್ ಪಕ್ಷವನ್ನು ಸೇರಿದನು. ಹೊಸ ಪ್ರಭುತ್ವದ ದೃಷ್ಟಿಯಲ್ಲಿ ಇವನದು ನಿಜವಾಗಿಯೂ ಕಳಂಕಿತ ಚರಿತ್ರೆ. ಮುಂದೆ ಸಾವಿರಾರು ಜನ ಇದಕ್ಕಿಂತ ತೀರ ಸಣ್ಣ ಕಾರಣಕ್ಕೆ, ಎಷ್ಟೋ ಸಲ ಕಾರಣವೇ ಇಲ್ಲದೆ, ಪ್ರಾಣ ಕಳೆದುಕೊಂಡರು. ವಿಶಿನ್ಸ್ಕಿ ಉಳಿದನು. ಸ್ಟಾಲಿನ್ನನಿಗೆ ಅವನ ಗತಕಾಲ ತಿಳಿದಿತ್ತು. ತಿಳಿದಿದೆಯೆಂಬುದು ವಿಶಿನ್ಸ್ಕಿಗೂ ತಿಳಿದಿತ್ತು. ಕಟಕಟೆಯಲ್ಲಿ ನಿಲ್ಲಬಹುದಾದ ಮನುಷ್ಯನಿಗೆ ಆ ಕೋಣೆಯಲ್ಲಿ ಅತ್ಯಂತ ಸುರಕ್ಷಿತವಾದ ಸ್ಥಳ ಅಭಿಯೋಜಕನ ಪೀಠ. ಅವನ ವಾದಕ್ರಮವನ್ನು ಅರಿಯಲು ಅವನ ಈ ಜೀವನಸ್ಥಿತಿಯಿಂದಲೇ ಹೊರಡಬೇಕಾಗುತ್ತದೆ.

1925ರಿಂದ 1928ರವರೆಗೆ ಮಾಸ್ಕೋ ವಿಶ್ವವಿದ್ಯಾಲಯದ ಮುಖ್ಯಸ್ಥನಾಗಿದ್ದ ವಿಶಿನ್ಸ್ಕಿಯನ್ನು ಪ್ರಭುತ್ವವು 1928ರ ಶಾಖ್ತಿ ಮೊಕದ್ದಮೆಯ ಅಧ್ಯಕ್ಷ ನ್ಯಾಯಾಧೀಶನನ್ನಾಗಿ ನೇಮಿಸಿತು. ಕಲ್ಲಿದ್ದಲು ಗಣಿಗಳ 53 ಮಂದಿ ಎಂಜಿನಿಯರರು ಮತ್ತು ತಂತ್ರಜ್ಞರ ಮೇಲೆ ಬುಡಮೇಲು ಕೃತ್ಯದ ಆರೋಪವಿತ್ತು. ಗಣಿಗಳ ಸ್ಥಿತಿ ಕೆಟ್ಟಿದ್ದುದು ನಿಜ. ಯಂತ್ರೋಪಕರಣಗಳ ಕೊರತೆ, ಅವಸರದ ಗುರಿಗಳು, ಅನುಭವವಿಲ್ಲದ ಆಡಳಿತ ಇವೇ ಅದಕ್ಕೆ ಕಾರಣಗಳು. ಆಡಳಿತದ ಮೇಲೆ ಬರಬೇಕಾಗಿದ್ದ ದೂರು ಮೊಕದ್ದಮೆಯ ಮೂಲಕ ಎಂಜಿನಿಯರರ ಮೇಲೆ ತಿರುಗಿತು. ಮುಂದೆ ಬಂದ ಎಲ್ಲ ಮೊಕದ್ದಮೆಗಳ ಮಾದರಿ ಇದರಲ್ಲಿಯೇ ಸಿದ್ಧವಾಗಿತ್ತು.

1935ರಲ್ಲಿ ವಿಶಿನ್ಸ್ಕಿ ಸೋವಿಯತ್ ಒಕ್ಕೂಟದ ಮಹಾಭಿಯೋಜಕನಾದನು. 1936ರ ಆಗಸ್ಟ್, 1937ರ ಜನವರಿ ಮತ್ತು 1938ರ ಮಾರ್ಚ್ ತಿಂಗಳುಗಳಲ್ಲಿ ನಡೆದ ಮೂರು ಮಾಸ್ಕೋ ಮೊಕದ್ದಮೆಗಳು ಅವನನ್ನು ಜಗತ್ಪ್ರಸಿದ್ಧನನ್ನಾಗಿಸಿದವು. ಮೊದಲನೆಯದರಲ್ಲಿ 16 ಮಂದಿ, ಎರಡನೆಯದರಲ್ಲಿ 17, ಮೂರನೆಯದರಲ್ಲಿ 21. ಜಿನೊವಿಯೆವ್, ಕಾಮೆನೆವ್, ಪ್ಯತಕೋವ್, ರಾಡೆಕ್, ರಿಕೊವ್, ಬುಖಾರಿನ್ ಮುಂತಾಗಿ ಕಟಕಟೆಯಲ್ಲಿದ್ದವರಲ್ಲಿ ಹಲವರು ಲೆನಿನ್ನನ ಹತ್ತಿರದ ಸಂಗಾತಿಗಳು, ಕ್ರಾಂತಿಯನ್ನು ಮಾಡಿದವರು. ಅವರ ಮೇಲಿದ್ದ ಆರೋಪ ಕ್ರಾಂತಿದ್ರೋಹ, ವಿದೇಶಿ ಶಕ್ತಿಗಳ ಪರವಾದ ಗೂಢಚರ್ಯೆ. ಬುಖಾರಿನ್ನನ ಮೇಲೆ 1918ರಲ್ಲಿ ಲೆನಿನ್ನನನ್ನು ಬಂಧಿಸಿ ಕೊಲ್ಲಲು ಸಂಚು ಹೂಡಿದನೆಂಬ ಆರೋಪವೂ ಇತ್ತು. ಲೆನಿನ್ನನನ್ನು ಬಂಧಿಸುವ ಪತ್ರಕ್ಕೆ ನಿಜವಾಗಿ ಸಹಿ ಹಾಕಿದ್ದ ಮನುಷ್ಯ, ಅಂಥ ಸಹಿ ಹಾಕದ ಮನುಷ್ಯನ ಮೇಲೆ ಈ ಆರೋಪವನ್ನು ಓದಿ ಹೇಳಿದನು. ಕಳ್ಳನೇ ಕಳ್ಳ ಕಳ್ಳ ಎಂದು ಕೂಗುವುದು ನಮ್ಮ ಆಡುಮಾತಿನಲ್ಲಿ ಹಾಸ್ಯದ ಸಂಗತಿ. ಆ ಸಭಾಂಗಣದಲ್ಲಿ ನಗುವವರು ಯಾರೂ ಇರಲಿಲ್ಲ.

ಈ ಮೊಕದ್ದಮೆಗಳಲ್ಲಿ ವಿಶಿನ್ಸ್ಕಿ ಬಳಸಿದ ಭಾಷೆಯ ಬೈಗುಳದ ಅಂಶವೇ ಸಾಮಾನ್ಯವಾಗಿ ಚರ್ಚೆಗೆ ಬರುತ್ತದೆ. ಆರೋಪಿಗಳನ್ನು ಹುಚ್ಚುನಾಯಿಗಳಿಗೆ ಹೋಲಿಸಿ ಗುಂಡಿಕ್ಕಬೇಕೆಂದು ಅವನು ಕೇಳಿದ್ದು ಎಲ್ಲರಿಗೂ ನೆನಪಿದೆ. ಆದರೆ ಬೈಗುಳಕ್ಕಿಂತ ಗಮನಾರ್ಹವಾದುದು ಅವನ ತರ್ಕದ ವಿನ್ಯಾಸ. ಅದರ ಕೇಂದ್ರದಲ್ಲಿದ್ದ ರೂಪಕ ಮುಖವಾಡ. ಆರೋಪಿ ಹಿಂದೆ ಪಕ್ಷಕ್ಕಾಗಿ ದುಡಿದಿದ್ದರೆ ಅದು ಮುಖವಾಡ. ಸ್ಟಾಲಿನ್ನನನ್ನು ಹೊಗಳಿ ಬರೆದಿದ್ದರೆ ಅದು ಇನ್ನೂ ದಪ್ಪನೆಯ ಮುಖವಾಡ. ತಪ್ಪೊಪ್ಪಿಕೊಂಡರೆ ಅಪರಾಧ ಸಿದ್ಧವಾಯಿತು. ನಿರಾಕರಿಸಿದರೆ ಮುಖವಾಡ ಇನ್ನೂ ಕಳಚಿಲ್ಲವೆಂದು ಅಪರಾಧ ಮತ್ತಷ್ಟು ಗಟ್ಟಿಯಾಯಿತು. ಒಂದು ಮಾತು ಮತ್ತು ಅದರ ವಿರುದ್ಧ ಮಾತು ಎರಡೂ ಒಂದೇ ತೀರ್ಮಾನಕ್ಕೆ ಒಯ್ಯುವ ಈ ವ್ಯವಸ್ಥೆಯಲ್ಲಿ ಸಾಕ್ಷ್ಯಕ್ಕೆ ಕೆಲಸವೇ ಉಳಿಯುವುದಿಲ್ಲ. 1938ರ ಮಾರ್ಚ್ 2ರಂದು ಕ್ರೆಸ್ತಿನ್ಸ್ಕಿ ತೆರೆದ ನ್ಯಾಯಾಲಯದಲ್ಲಿ ತನ್ನ ತಪ್ಪೊಪ್ಪಿಗೆಯನ್ನು ಹಿಂತೆಗೆದುಕೊಂಡನು. ಮರುದಿನ ಅವನೇ ಎದ್ದುನಿಂತು ಹಿಂದಿನ ದಿನದ ನಿರಾಕರಣೆಯನ್ನು ನಿರಾಕರಿಸಿದನು. ನಡುವಿನ ರಾತ್ರಿಯ ಬಗೆಗೆ ಅಭಿಯೋಜಕನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಹೊರಗಿನಿಂದ ಬಂದ ವಿಮರ್ಶೆಯನ್ನು ಎದುರಿಸಿದ ರೀತಿಯೂ ಇಷ್ಟೇ ಸ್ಪಷ್ಟವಾಗಿದೆ. ಮೊದಲ ಮೊಕದ್ದಮೆಯಲ್ಲಿ ಗೋಲ್ತ್ಸ್‌ಮನ್ ಎಂಬ ಆರೋಪಿ ತಾನು 1932ರಲ್ಲಿ ಕೋಪನ್‌ಹೇಗನ್ನಿನ ಬ್ರಿಸ್ಟಲ್ ಹೋಟೆಲಿನಲ್ಲಿ ಟ್ರಾಟ್ಸ್ಕಿಯ ಮಗನನ್ನು ಕಂಡೆನೆಂದು ಹೇಳಿದ್ದನು. ಆ ಹೋಟೆಲನ್ನು 1917ರಲ್ಲಿಯೇ ಕೆಡವಲಾಗಿತ್ತೆಂಬುದನ್ನು ಡೆನ್ಮಾರ್ಕಿನ ಪತ್ರಿಕೆ ಬಯಲಿಗೆ ತಂದಿತು. ಎರಡನೆಯ ಮೊಕದ್ದಮೆಯಲ್ಲಿ ಪ್ಯತಕೋವ್ 1935ರ ಡಿಸೆಂಬರಿನಲ್ಲಿ ಬರ್ಲಿನ್ನಿನಿಂದ ವಿಮಾನದಲ್ಲಿ ಓಸ್ಲೋ ಬಳಿಯ ಶೆಲ್ಲರ್ ನಿಲ್ದಾಣಕ್ಕೆ ಹೋಗಿ ಟ್ರಾಟ್ಸ್ಕಿಯನ್ನು ಭೇಟಿಯಾದನೆಂಬ ಹೇಳಿಕೆ ಬಂತು. ಆ ತಿಂಗಳಲ್ಲಿ ಅಲ್ಲಿ ಯಾವ ವಿದೇಶಿ ವಿಮಾನವೂ ಇಳಿದಿರಲಿಲ್ಲವೆಂದು ನಾರ್ವೆಯಿಂದ ವರದಿಯಾಯಿತು. ಆಗ ವಿಶಿನ್ಸ್ಕಿ ನ್ಯಾಯಾಲಯಕ್ಕೆ ಸಲ್ಲಿಸಿದ ದಾಖಲೆ ಕುತೂಹಲಕರವಾದುದು. ಶೆಲ್ಲರ್ ನಿಲ್ದಾಣ ಚಳಿಗಾಲವೂ ಸೇರಿದಂತೆ ವರ್ಷವಿಡೀ ಇತರ ದೇಶಗಳ ವಿಮಾನಗಳನ್ನು ಬರಮಾಡಿಕೊಳ್ಳುತ್ತದೆಂಬ ಪ್ರಮಾಣಪತ್ರ ಅದು. ವಿಮಾನ ಇಳಿಯಿತೇ ಎಂಬ ಪ್ರಶ್ನೆಗೆ ವಿಮಾನ ಇಳಿಯಬಹುದು ಎಂಬ ಉತ್ತರ. 1937ರಲ್ಲಿ ಅಮೆರಿಕದ ತತ್ತ್ವಶಾಸ್ತ್ರಜ್ಞ ಜಾನ್ ಡ್ಯೂಯಿಯ ಅಧ್ಯಕ್ಷತೆಯಲ್ಲಿ ಮೆಕ್ಸಿಕೋದಲ್ಲಿ ಸೇರಿದ ಸ್ವತಂತ್ರ ವಿಚಾರಣಾ ಆಯೋಗ ಇಂಥ ವಿವರಗಳನ್ನು ಒಂದೊಂದಾಗಿ ಪರಿಶೀಲಿಸಿ ಮೊಕದ್ದಮೆಗಳು ಕಟ್ಟುಕತೆಗಳೆಂದು ತೀರ್ಮಾನಿಸಿದಾಗ, ಸೋವಿಯತ್ ಪರ ಬಳಗಗಳು ಆ ವಿವರಗಳಿಗೆ ಕೈಹಾಕಲಿಲ್ಲ. ಫ್ಯಾಸಿಸಂ ಯೂರೋಪನ್ನು ನುಂಗುತ್ತಿರುವಾಗ ಇಂಥ ಪ್ರಶ್ನೆಗಳನ್ನು ಎತ್ತುವವರು ಯಾರ ಪಕ್ಷದವರು ಎಂದು ತಿರುಗಿ ಕೇಳಿದವು.

ಒಳಗಿದ್ದವರಲ್ಲಿ ಇಬ್ಬರು ಈ ತರ್ಕದ ಬಿರುಕನ್ನು ಕಟಕಟೆಯಿಂದಲೇ ತೋರಿಸಿದರು. ಇಡೀ ಮೊಕದ್ದಮೆ ತನ್ನ ಮತ್ತು ಪ್ಯತಕೋವನ ಮಾತಿನ ಮೇಲಷ್ಟೇ ನಿಂತಿದೆ, ತಾವು ಬರಿಯ ಅಪರಾಧಿಗಳಾದರೆ ತಮ್ಮ ಮಾತನ್ನು ನಂಬುವುದು ಹೇಗೆ ಎಂದು ರಾಡೆಕ್ ತನ್ನ ಕೊನೆಯ ಹೇಳಿಕೆಯಲ್ಲಿ ಕೆಣಕಿದನು. ಬುಖಾರಿನ್ ಇನ್ನೂ ಸೂಕ್ಷ್ಮವಾದ ದಾರಿ ಹಿಡಿದನು. ಒಟ್ಟು ಅಪರಾಧದ ಹೊಣೆಯನ್ನು ಒಪ್ಪಿಕೊಂಡು, ಗೂಢಚರ್ಯೆ, ಕೊಲೆ, ಲೆನಿನ್ನನ ವಿರುದ್ಧದ ಸಂಚು ಎಂಬ ಬಿಡಿ ಆರೋಪಗಳನ್ನೆಲ್ಲ ನಿರಾಕರಿಸಿದನು. ಆರೋಪಿಯ ತಪ್ಪೊಪ್ಪಿಗೆಯನ್ನೇ ಆಧಾರವಾಗಿಸುವುದು ಮಧ್ಯಯುಗದ ನ್ಯಾಯಪದ್ಧತಿ ಎಂದೂ ಹೇಳಿದನು. ತಿರುಗುಬಾಣವನ್ನು ತಿರುಗಿಸಿ ಬಿಟ್ಟ ಅಪರೂಪದ ಗಳಿಗೆ ಅದು. ಅದರಿಂದ ಬುಖಾರಿನ್ನನ ಪ್ರಾಣವೇನೂ ಉಳಿಯಲಿಲ್ಲ; ಮಾರ್ಚ್ 15ರಂದು ಅವನನ್ನು ಗುಂಡಿಕ್ಕಿ ಕೊಂದರು. ವಿಶಿನ್ಸ್ಕಿ 1941ರಲ್ಲಿ ಪ್ರಕಟಿಸಿದ ಸಾಕ್ಷ್ಯಸಿದ್ಧಾಂತದ ಗ್ರಂಥದಲ್ಲಿ ತಪ್ಪೊಪ್ಪಿಗೆಗೆ ಅತಿಯಾದ ಬೆಲೆ ಕೊಡುವ ಹಳೆಯ ಪದ್ಧತಿಯನ್ನು ಟೀಕಿಸಿ, ಸಂಚಿನ ಮೊಕದ್ದಮೆಗಳಲ್ಲಿ ಮಾತ್ರ ಅದಕ್ಕೆ ವಿಶೇಷ ತೂಕವಿದೆಯೆಂದು ವಾದಿಸಿದನು. ಆ ಗ್ರಂಥಕ್ಕೆ 1947ರಲ್ಲಿ ಸ್ಟಾಲಿನ್ ಪ್ರಶಸ್ತಿ ಬಂತು.

ತೆರೆದ ಮೊಕದ್ದಮೆಗಳು ಒಟ್ಟು ಹಿಂಸೆಯ ಚಿಕ್ಕದೊಂದು ಭಾಗ ಮಾತ್ರ. 1937ರ ಆಗಸ್ಟ್‌ನಲ್ಲಿ ಆರಂಭವಾದ ಪೋಲಿಷ್ ಕಾರ್ಯಾಚರಣೆಯಲ್ಲಿ 1,43,810 ಜನ ಬಂಧಿತರಾದರು; 1,11,091 ಜನರನ್ನು ಗುಂಡಿಕ್ಕಿ ಕೊಲ್ಲಲಾಯಿತು. ಹೆಸರುಗಳ ಪಟ್ಟಿಗಳಿಗೆ ಒಳಾಡಳಿತ ಖಾತೆಯ ಮುಖ್ಯಸ್ಥ ಯೆಝೋವ್ ಮತ್ತು ಮಹಾಭಿಯೋಜಕ ವಿಶಿನ್ಸ್ಕಿ ಈ ಇಬ್ಬರ ಸ್ಥಾನದಿಂದ ಅನುಮೋದನೆ ಬೇಕಿತ್ತು. ವಿಚಾರಣೆ, ವಾದ, ಪ್ರತಿವಾದ ಯಾವುದೂ ಅಲ್ಲಿರಲಿಲ್ಲ. ಪೋಲಿಷ್ ಮನೆತನದಲ್ಲಿ ಹುಟ್ಟಿದವನ ಕೈಯಲ್ಲಿ ಈ ಪಟ್ಟಿಗಳು ಹಾದುಹೋದವು. 1938ರ ನವೆಂಬರ್ 17ರ ನಿರ್ಣಯ ಈ ಸಾಮೂಹಿಕ ಕಾರ್ಯಾಚರಣೆಗಳನ್ನು ನಿಲ್ಲಿಸಿತು. ಒಳಾಡಳಿತ ಖಾತೆಯೊಳಕ್ಕೆ ಶತ್ರುಗಳು ನುಸುಳಿ ನಿರಪರಾಧಿಗಳಿಗೆ ಕಿರುಕುಳ ಕೊಟ್ಟರೆಂಬುದು ಅದರ ವಿವರಣೆ. ಭಯೋತ್ಪಾದನೆಯ ವಿರುದ್ಧದ ದೂರು ಕೂಡ ಹೀಗೆ ಹೊಸ ಶತ್ರುಗಳ ಮೇಲಿನ ಆರೋಪವಾಗಿ ಮಗುಚಿಕೊಂಡಿತು. ಮೊದಲ ಮೊಕದ್ದಮೆಯನ್ನು ಸಿದ್ಧಪಡಿಸಿದ್ದ ಯಗೋಡ ಮೂರನೆಯದರಲ್ಲಿ ಆರೋಪಿಯಾಗಿ ಸತ್ತಿದ್ದನು. ಯೆಝೋವನಿಗೂ 1940ರ ಫೆಬ್ರವರಿಯಲ್ಲಿ ಅದೇ ಗತಿ ಬಂತು. ವಿಶಿನ್ಸ್ಕಿ ಕಾನೂನುಬದ್ಧತೆಯ ರಕ್ಷಕನ ಭಾಷೆಗೆ ಹೊರಳಿ ಬದುಕಿಕೊಂಡನು. ಇನ್ನೊಂದು ಸಣ್ಣ ಸಂಗತಿ: 1937ರಲ್ಲಿ ತಾನೇ ಮರಣದಂಡನೆ ಕೇಳಿದ ಸೆರೆಬ್ರ್ಯಕೋವನ ನಿಕೋಲಿನಾ ಗೋರಾದ ತೋಟದ ಮನೆ ಅದೇ ಕಾಲದಲ್ಲಿ ಅಭಿಯೋಜಕನ ಸ್ವಾಧೀನಕ್ಕೆ ಬಂತು.

1940ರಲ್ಲಿ ವಿಶಿನ್ಸ್ಕಿ ವಿದೇಶಾಂಗ ಖಾತೆಗೆ ಬಂದನು. ಆ ವರ್ಷ ಲಾಟ್ವಿಯಾವನ್ನು ಒಕ್ಕೂಟಕ್ಕೆ ಸೇರಿಸಿಕೊಳ್ಳುವ ಕೆಲಸವನ್ನೂ, 1945ರಲ್ಲಿ ರುಮೇನಿಯಾದ ದೊರೆಯ ಮೇಲೆ ಒತ್ತಡ ಹೇರಿ ಸರ್ಕಾರ ಬದಲಿಸುವ ಕೆಲಸವನ್ನೂ ನಿರ್ವಹಿಸಿದನು. ಇವುಗಳಿಗಿಂತ ಕಟೀನ್ ಪ್ರಕರಣ ಪ್ರಸ್ತುತ ವಿಷಯಕ್ಕೆ ಹೆಚ್ಚು ಸಂಬಂಧಿಸಿದೆ. 1940ರ ಮಾರ್ಚ್ 5ರ ಸೋವಿಯತ್ ನಿರ್ಣಯದಂತೆ ಸುಮಾರು 22,000 ಪೋಲಿಷ್ ಸೈನಿಕಾಧಿಕಾರಿಗಳನ್ನೂ ಇತರ ಬಂಧಿಗಳನ್ನೂ ಕೊಲ್ಲಲಾಗಿತ್ತು. 1943ರ ಏಪ್ರಿಲ್‌ನಲ್ಲಿ ಜರ್ಮನ್ ಸೇನೆ ಕಟೀನ್ ಕಾಡಿನ ಗೋರಿಗಳನ್ನು ಪ್ರಕಟಿಸಿತು. ದೇಶಭ್ರಷ್ಟವಾಗಿದ್ದ ಪೋಲೆಂಡ್ ಸರ್ಕಾರ ರೆಡ್‌ಕ್ರಾಸ್ ತನಿಖೆ ಕೇಳಿತು. ಹಾಗೆ ಕೇಳುವುದೇ ಹಿಟ್ಲರನ ಜೊತೆ ಶಾಮೀಲಾದುದಕ್ಕೆ ಸಾಕ್ಷಿಯೆಂದು ಸೋವಿಯತ್ ಸರ್ಕಾರ ಸಂಬಂಧವನ್ನೇ ಕಡಿದುಕೊಂಡಿತು. ಯುದ್ಧಾನಂತರ ನ್ಯೂರೆಂಬರ್ಗ್ ವಿಚಾರಣೆಯಲ್ಲಿ ಈ ಹತ್ಯಾಕಾಂಡವನ್ನು ಜರ್ಮನರ ಮೇಲಿನ ದೋಷಾರೋಪ ಪಟ್ಟಿಗೆ ಸೇರಿಸಲಾಯಿತು. ಅಲ್ಲಿನ ಸೋವಿಯತ್ ಅಭಿಯೋಜಕರನ್ನು ಹಿಂದಿನಿಂದ ನಡೆಸುತ್ತಿದ್ದ ಗುಪ್ತ ಸಮಿತಿಯ ಮುಖ್ಯಸ್ಥ ವಿಶಿನ್ಸ್ಕಿ. 1939ರ ಸೋವಿಯತ್-ಜರ್ಮನ್ ಒಪ್ಪಂದವೂ ಸೇರಿದಂತೆ ನ್ಯಾಯಾಲಯದಲ್ಲಿ ಎತ್ತಕೂಡದ ವಿಷಯಗಳ ಪಟ್ಟಿಯನ್ನು ಆ ಸಮಿತಿ ಸಿದ್ಧಪಡಿಸಿತ್ತು. ಎದುರಾಳಿಯೂ ಅದೇ ಅಪರಾಧ ಮಾಡಿದ್ದಾನೆಂಬ ವಾದ ಅಪರಾಧಿಗೆ ರಕ್ಷಣೆಯಾಗಲಾರದು ಎಂಬ ನಿಲುವು ನ್ಯೂರೆಂಬರ್ಗ್‌ನಲ್ಲಿ ಸೋವಿಯತ್ ಪಕ್ಷಕ್ಕೆ ಅಗತ್ಯವಾಗಿತ್ತು. ಕಟೀನ್ ಬಗೆಗೆ 1946ರ ಜುಲೈ ತಿಂಗಳಲ್ಲಿ ಸಾಕ್ಷ್ಯ ನಡೆಯಿತು. ಅಂತಿಮ ತೀರ್ಪು ಆ ವಿಷಯದಲ್ಲಿ ಮೌನ ವಹಿಸಿತು.

ಅದೇ 1946ರ ಆರಂಭದಲ್ಲಿ ಲಂಡನ್ನಿನಲ್ಲಿ ಭದ್ರತಾ ಮಂಡಳಿ ತನ್ನ ಮೊದಲ ಸಭೆಗಳನ್ನು ನಡೆಸುತ್ತಿತ್ತು. ಜನವರಿ 19ರಂದು ಇರಾನ್ ತನ್ನ ನೆಲದಲ್ಲಿದ್ದ ಸೋವಿಯತ್ ಸೇನೆಯ ಬಗೆಗೆ ದೂರು ಕೊಟ್ಟಿತು. ಜನವರಿ 21ರಂದು ಗ್ರೀಸಿನಲ್ಲಿರುವ ಬ್ರಿಟಿಷ್ ಸೇನೆಯ ಬಗೆಗೆ ಸೋವಿಯತ್ ದೂರು, ಇಂಡೊನೇಷ್ಯಾದ ಬಗೆಗೆ ಉಕ್ರೇನಿನ ದೂರು ಬಂದವು. ನ್ಯೂರೆಂಬರ್ಗ್‌ನಲ್ಲಿ ಬೇಡವಾಗಿದ್ದ ವಾದ ಲಂಡನ್ನಿನಲ್ಲಿ ಮುಖ್ಯ ಆಯುಧವಾಯಿತು. ಬ್ರಿಟನ್ನಿನ ವಿದೇಶಾಂಗ ಸಚಿವ ಬೆವಿನ್ ಮತ್ತು ವಿಶಿನ್ಸ್ಕಿಯ ನಡುವಣ ವಾಗ್ಯುದ್ಧ ಪತ್ರಿಕೆಗಳ ಮುಖಪುಟ ತುಂಬಿತು. ಇರಾನಿನ ಪ್ರಶ್ನೆ ಹಲವು ಪ್ರಶ್ನೆಗಳಲ್ಲಿ ಒಂದಾಗಿ ಕುಗ್ಗಿತು.

ಇಲ್ಲಿ ಒಂದು ವ್ಯತ್ಯಾಸವನ್ನು ಗುರುತಿಸದೆ ಮುಂದೆ ಹೋಗುವಂತಿಲ್ಲ. ಮಾಸ್ಕೋ ನ್ಯಾಯಾಲಯದ ಆರೋಪಗಳು ಸುಳ್ಳು. ಅವು ನಿಂತದ್ದು ಪ್ರಭುತ್ವದ ಬಲದ ಮೇಲೆ. ಲಂಡನ್ನಿನ ಪ್ರತ್ಯಾರೋಪಗಳಲ್ಲಿ ಸತ್ಯವಿತ್ತು. ಇಂಡೊನೇಷ್ಯಾದ ಸುರಬಾಯಾದಲ್ಲಿ 1945ರ ನವೆಂಬರಿನಲ್ಲಿ ಸ್ವಾತಂತ್ರ್ಯ ಹೋರಾಟಗಾರರ ಮೇಲೆ ಬ್ರಿಟನ್ ಸೇನೆ ನಡೆಸಿದ್ದು ನಿಜ. ಅದರಲ್ಲಿ ಬಹುಪಾಲು ಭಾರತೀಯ ಸಿಪಾಯಿಗಳಿದ್ದು, ನೆಹರೂ ಮೊದಲಾದ ನಾಯಕರು ಅದನ್ನು ಪ್ರತಿಭಟಿಸಿದ್ದರು. ವಸಾಹತು ದೇಶಗಳ ಜನರಿಗೆ ವಿಶಿನ್ಸ್ಕಿಯ ಮಾತು ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ. ತೊಡಕು ಇರುವುದು ಅಲ್ಲಿಯೇ. ಪ್ರತ್ಯಾರೋಪ ಸತ್ಯವಾಗಿದ್ದಷ್ಟೂ ಮೂಲ ಪ್ರಶ್ನೆಯನ್ನು ಮರೆಸುವ ಅದರ ಶಕ್ತಿ ಹೆಚ್ಚು. ಅದನ್ನು ಎತ್ತುವವನಿಗೆ ಆ ಸತ್ಯದಲ್ಲಿ ಆಸಕ್ತಿ ಇರಬೇಕಾದ ಅಗತ್ಯವೂ ಇಲ್ಲ.

1947ರ ಸೆಪ್ಟೆಂಬರ್ 18ರಂದು ಸಾಮಾನ್ಯ ಸಭೆಯಲ್ಲಿ ವಿಶಿನ್ಸ್ಕಿ ಯುದ್ಧೋನ್ಮಾದಿಗಳೆಂದು ಅಮೆರಿಕದ ಹಲವರನ್ನು ಹೆಸರಿಸಿ ದೀರ್ಘ ಭಾಷಣ ಮಾಡಿದನು. ಅಮೆರಿಕದ ನಿಯೋಗದಲ್ಲಿದ್ದ ಡಲ್ಲೆಸ್‌ನ ಹೆಸರೂ ಅದರಲ್ಲಿತ್ತು. ಅದೇ ಅಕ್ಟೋಬರಿನಲ್ಲಿ ಕಪ್ಪುಜನರ ಹಕ್ಕುಗಳ ಸಂಘಟನೆಯ ಪರವಾಗಿ ಡು ಬೊಯಿಸ್ ಸಂಪಾದಿಸಿದ ಅರ್ಜಿಯೊಂದು, ಅಮೆರಿಕದ ಜನಾಂಗಭೇದವನ್ನು ದಾಖಲೆಸಮೇತ ವಿವರಿಸಿ, ವಿಶ್ವಸಂಸ್ಥೆಗೆ ಸಲ್ಲಿಕೆಯಾಯಿತು. ಅದನ್ನು ಚರ್ಚೆಗೆ ತರಬೇಕೆಂಬ ಸೋವಿಯತ್ ಸೂಚನೆ ಡಿಸೆಂಬರಿನಲ್ಲಿ ಬಿದ್ದುಹೋಯಿತು. ಸೋವಿಯತ್ ನಿಯೋಗಕ್ಕೆ ಆ ಅರ್ಜಿ ಒಂದು ಗುರಾಣಿ. ಅದನ್ನು ಬರೆದವರಿಗೆ ಅದು ಬದುಕಿನ ಪ್ರಶ್ನೆ. ಗುರಾಣಿಯಾದ ಕಾರಣಕ್ಕೇ ಅಮೆರಿಕದೊಳಗೆ ಅದನ್ನು ಎತ್ತಿದವರು ಸಂಶಯಕ್ಕೊಳಗಾದರು: ಜನಾಂಗಭೇದವನ್ನು ಟೀಕಿಸುವವನು ಕಮ್ಯುನಿಸ್ಟರ ಕೈಗೊಂಬೆ ಎಂಬ ಮಾತು ಅಲ್ಲಿ ಬಳಕೆಗೆ ಬಂತು. ಡು ಬೊಯಿಸ್ 1951ರಲ್ಲಿ ವಿದೇಶಿ ಏಜೆಂಟನೆಂಬ ಮೊಕದ್ದಮೆಯನ್ನು ಎದುರಿಸಿ ಖುಲಾಸೆಯಾದನು. ವಿಮರ್ಶಕನನ್ನೇ ಅಪರಾಧಿಯಾಗಿಸುವ ವಿದ್ಯೆ ಒಂದು ಪಾಳೆಯದ ಸೊತ್ತಾಗಿ ಉಳಿಯಲಿಲ್ಲ.

1949ರ ಮಾರ್ಚ್‌ನಲ್ಲಿ ವಿಶಿನ್ಸ್ಕಿ ವಿದೇಶಾಂಗ ಸಚಿವನಾದನು. ಆ ವರ್ಷ ಸೋವಿಯತ್ ಅಣುಸ್ಫೋಟ ಬಯಲಾದಾಗ, ತಮ್ಮ ದೇಶ ಅಣುಶಕ್ತಿಯನ್ನು ಬೆಟ್ಟಗಳನ್ನು ಸಮಮಾಡಲು, ಮರುಭೂಮಿಗೆ ನೀರು ಹರಿಸಲು ಬಳಸುತ್ತಿದೆಯೆಂದು ನವೆಂಬರಿನಲ್ಲಿ ವಿಶ್ವಸಂಸ್ಥೆಗೆ ತಿಳಿಸಿದನು. ಅದು ನಿಜವಾಗಿರಲಿಲ್ಲ. 1952ರ ನವೆಂಬರಿನಲ್ಲಿ ಕೊರಿಯಾದ ಯುದ್ಧಕೈದಿಗಳ ಪ್ರಶ್ನೆಗೆ ಭಾರತ ಮುಂದಿಟ್ಟ ಸಂಧಾನಸೂತ್ರವನ್ನೂ ಅವನು ಬಿಡಲಿಲ್ಲ. ಅದನ್ನು ರೂಪಿಸಿದವರು ಹೆಚ್ಚೆಂದರೆ ಕನಸುಗಾರರು, ಇಲ್ಲವಾದರೆ ಅಮೆರಿಕದ ನೀತಿಗೆ ಮರೆಯಾದವರು ಎಂದು ಜರೆದನು.

ಈ ವಾದಕ್ರಮಕ್ಕೆ ತಕ್ಕ ಉತ್ತರ ಬಂದದ್ದು ಭಾಷಣಕಾರರಿಂದಲ್ಲ, ಸದ್ದಿಲ್ಲದೆ ಕೆಲಸ ಮಾಡಿದ ಒಂದು ಸಮಿತಿಯಿಂದ. ಸೋವಿಯತ್ ಶ್ರಮಶಿಬಿರಗಳ ಬಗೆಗೆ ದೂರುಗಳು ಬಂದಾಗಲೆಲ್ಲ ವಸಾಹತುಗಳ ಮತ್ತು ಅಮೆರಿಕದ ದಾಸ್ಯದ ಮಾತನ್ನು ಸೋವಿಯತ್ ಪ್ರತಿನಿಧಿಗಳು ಎತ್ತುತ್ತಿದ್ದರು. 1951ರಲ್ಲಿ ವಿಶ್ವಸಂಸ್ಥೆಯೂ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ ಸೇರಿ ಬಲವಂತದ ದುಡಿಮೆಯ ಕುರಿತು ಸಮಿತಿಯೊಂದನ್ನು ನೇಮಿಸಿದವು. ಅದರ ಅಧ್ಯಕ್ಷರು 1946ರಿಂದ 1949ರವರೆಗೆ ಮೈಸೂರು ಸಂಸ್ಥಾನದ ದಿವಾನರಾಗಿದ್ದ ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್. ಸಮಿತಿಯು ಆರೋಪವನ್ನೂ ಪ್ರತ್ಯಾರೋಪವನ್ನೂ ಎರಡು ಬೇರೆ ಬೇರೆ ಪ್ರಶ್ನೆಗಳಾಗಿ ಸ್ವೀಕರಿಸಿತು. ಇಪ್ಪತ್ತಕ್ಕೂ ಹೆಚ್ಚು ದೇಶಗಳ ಕಾನೂನುಗಳನ್ನು ತರಿಸಿಕೊಂಡು ಓದಿತು. ಸೋವಿಯತ್ ಒಕ್ಕೂಟದ ಜೊತೆಗೆ ದಕ್ಷಿಣ ಆಫ್ರಿಕವನ್ನೂ ಅಮೆರಿಕವನ್ನೂ ಪರಿಶೀಲನೆಗೆ ಒಳಪಡಿಸಿತು. ಸೋವಿಯತ್ ಸರ್ಕಾರ ಸಹಕರಿಸಲಿಲ್ಲ. 1953ರ ವರದಿಯು ಸೋವಿಯತ್ ಕಾನೂನಿನಲ್ಲಿ ರಾಜಕೀಯ ದಮನದ ಸಾಧನವಾಗಿ ಬಲವಂತದ ದುಡಿಮೆ ಇದೆಯೆಂದು ಕಂಡುಕೊಂಡಿತು; ದಕ್ಷಿಣ ಆಫ್ರಿಕದ ಕಾನೂನುಗಳ ದೋಷವನ್ನೂ ದಾಖಲಿಸಿತು. ಒಬ್ಬರ ತಪ್ಪು ಇನ್ನೊಬ್ಬರ ತಪ್ಪಿಗೆ ವಜಾ ಆಗಲಿಲ್ಲ. ವಿಶಿನ್ಸ್ಕಿಯ ಭಾಷಣಗಳ ಹೋಲಿಕೆಯಲ್ಲಿ ಈ ವರದಿಯನ್ನು ಓದಿದವರು ಬಹಳ ಕಡಿಮೆ.

1953ರ ಮಾರ್ಚ್‌ನಲ್ಲಿ ಸ್ಟಾಲಿನ್ ತೀರಿಕೊಂಡ ಮೇಲೆ ವಿದೇಶಾಂಗ ಖಾತೆ ಮತ್ತೆ ಮೊಲೊಟೊವ್‌ನ ಕೈಸೇರಿತು. ವಿಶಿನ್ಸ್ಕಿ ವಿಶ್ವಸಂಸ್ಥೆಯ ಕಾಯಂ ಪ್ರತಿನಿಧಿಯಾಗಿ ನ್ಯೂಯಾರ್ಕಿಗೆ ಹೋದನು. 1952ರ ಡಿಸೆಂಬರಿನಲ್ಲಿ ಅಮೆರಿಕದ ನ್ಯಾಯಾಂಗ ಇಲಾಖೆ ಶಾಲೆಗಳಲ್ಲಿನ ವರ್ಣವಿಭಜನೆಯ ವಿರುದ್ಧ ಸರ್ವೋಚ್ಚ ನ್ಯಾಯಾಲಯಕ್ಕೆ ಸಲ್ಲಿಸಿದ ಮನವಿಯಲ್ಲಿ, ಈ ಭೇದಭಾವ ಕಮ್ಯುನಿಸ್ಟ್ ಪ್ರಚಾರಕ್ಕೆ ಆಹಾರವಾಗುತ್ತಿದೆಯೆಂಬ ಕಾರಣವನ್ನೂ ಕೊಟ್ಟಿತ್ತು. 1954ರ ಮೇ 17ರಂದು ನ್ಯಾಯಾಲಯ ಆ ವಿಭಜನೆಯನ್ನು ಅಸಾಂವಿಧಾನಿಕವೆಂದು ಘೋಷಿಸಿತು. ಗುರಾಣಿಯಾಗಿ ಬಳಕೆಯಾದ ಸತ್ಯವೂ ತನ್ನ ಕೆಲಸ ಮಾಡಬಲ್ಲುದು; ಆದರೆ ಅದಕ್ಕೆ ಆರೋಪವನ್ನು ಕೇಳಿಸಿಕೊಳ್ಳುವ ನ್ಯಾಯಾಲಯವೊಂದು ಬೇಕು. ವಿಶಿನ್ಸ್ಕಿ ಕಟ್ಟಿ ನಡೆಸಿದ ನ್ಯಾಯಾಲಯ ಅಂಥದಾಗಿರಲಿಲ್ಲ.

1954ರ ನವೆಂಬರ್ 22ರಂದು ನ್ಯೂಯಾರ್ಕಿನಲ್ಲಿ ಹೃದಯಾಘಾತದಿಂದ ಅವನು ತೀರಿಕೊಂಡನು. ಚಿತಾಭಸ್ಮವನ್ನು ಕ್ರೆಮ್ಲಿನ್ ಗೋಡೆಯಲ್ಲಿ ಇರಿಸಲಾಯಿತು. 1988ರ ಫೆಬ್ರವರಿಯಲ್ಲಿ ಸೋವಿಯತ್ ಸರ್ವೋಚ್ಚ ನ್ಯಾಯಾಲಯ ಬುಖಾರಿನ್ ಮತ್ತು ಅವನ ಸಹ ಆರೋಪಿಗಳ ಮೇಲಿನ ತೀರ್ಪನ್ನು ರದ್ದುಪಡಿಸಿತು. ಯಗೋಡನೊಬ್ಬನನ್ನು ಮಾತ್ರ ಕೈಬಿಟ್ಟಿತು. ಜಿನೊವಿಯೆವ್ ಮತ್ತು ಕಾಮೆನೆವರ ಹೆಸರುಗಳು ಅದೇ ವರ್ಷದ ಜೂನ್‌ನಲ್ಲಿ ನಿರ್ದೋಷಿಗಳ ಸಾಲಿಗೆ ಸೇರಿದವು. ಕಟೀನ್ ಹತ್ಯೆಯ ಹೊಣೆಯನ್ನು ಸೋವಿಯತ್ ಸರ್ಕಾರ 1990ರ ಏಪ್ರಿಲ್ 13ರಂದು ಒಪ್ಪಿಕೊಂಡಿತು. ಮೂಲ ಆದೇಶಪತ್ರ 1992ರಲ್ಲಿ ಪ್ರಕಟವಾಯಿತು.